ಹಳೆ ಬುಲೆಟ್ ಮೇಲಿನ ಸಾಮಾನು: ಯಾವುದು ಕಂಪನಿಯದು, ಯಾವುದು ಹಿಂದಿನ ಮಾಲೀಕರದು?

ಪ್ರಶ್ನೆ: ನಾನು ಬಾಗಲಕೋಟೆ ನವನಗರದವನು, ಶಾಲೆ ಮೇಷ್ಟ್ರು. ಬೆಳಗಾವಿಯ ಒಬ್ಬರಿಂದ 1997ರ ಬುಲೆಟ್ 350 ಕೊಂಡಿದ್ದೇನೆ. ಎಂಜಿನ್ ಚೆನ್ನಾಗಿದೆ, ಆದರೆ ಗಾಡಿ ಮೇಲೆ ಏನೇನೋ ಇದೆ. ಎಡ ಹ್ಯಾಂಡಲ್‌ನಲ್ಲಿ ಕ್ಲಚ್ ಜೊತೆ ಇನ್ನೊಂದು ಸಣ್ಣ ಲಿವರ್, ಹೆಡ್‌ಲೈಟ್ ಮೇಲೆ ಎರಡು ಪುಟ್ಟ ದೀಪ, ಆಗಾಗ ಮೈನಸ್ ಕಡೆ ವಾಲುವ ಮುಳ್ಳಿನ ಮೀಟರ್, ಟ್ಯಾಂಕ್ ಕೆಳಗೆ ಅಡಗಿಸಿಟ್ಟ ಒಂದು ಸ್ವಿಚ್, ಲೆಗ್ ಗಾರ್ಡ್ ಮೇಲೆ ಎರಡು ದೊಡ್ಡ ಹ್ಯಾಲೊಜನ್ ಲೈಟು, ಲಾರಿಯಂಥ ಹಾರ್ನು, ಸೀಟಿನ ಎಡಕ್ಕೆ ಎರಡು ತೂತಿನ ಖಾಲಿ ಪಟ್ಟಿ. ಮಾರಿದವರು ‘ಮಿಲಿಟರಿ ಗಾಡಿ ಸರ್’ ಅಂದರು. ಹೆಂಡತಿಯನ್ನು ಕೂರಿಸಿಕೊಂಡು ಬಾದಾಮಿ, ಬೆಳಗಾವಿ ಓಡಾಡುವ ಆಸೆ. ಸೈಡ್ ಬ್ಯಾಗ್, ಮೊಬೈಲ್ ಚಾರ್ಜರ್, ವಿಂಡ್‌ಶೀಲ್ಡ್ ಹಾಕಿಸಬೇಕು. ಯಾವುದು ಕಂಪನಿಯದು? ಏನು ಉಳಿಸಲಿ, ಏನು ತೆಗೆಯಲಿ, ಎಲ್ಲಿಂದ ಶುರು ಮಾಡಲಿ?

ಉತ್ತರ: ಇನ್ನೂ ಏನನ್ನೂ ಬಿಚ್ಚಿಲ್ಲ ಅಲ್ವಾ? ಹಾಗಿದ್ದರೆ ಅರ್ಧ ಕೆಲಸ ಸುಲಭ. ಹಳೆ ಗಾಡಿ ತಂದ ಉತ್ಸಾಹದಲ್ಲಿ ಮೊದಲ ಭಾನುವಾರವೇ ಪಾನಾ ಹಿಡಿದು ಕೂತು, ಬೇಡದ್ದು ಅಂತ ಕಂಡಿದ್ದನ್ನೆಲ್ಲ ಕಿತ್ತು ಗುಜರಿಗೆ ಹಾಕುವವರೇ ಜಾಸ್ತಿ. ಆಮೇಲೆ ಅದೇ ಸಾಮಾನು ಹುಡುಕಿಕೊಂಡು ಬೆಳಗಾವಿ, ಕೊಲ್ಲಾಪುರ ಅಲೆಯುತ್ತಾರೆ. ನಿಮ್ಮ ಪಟ್ಟಿಯಲ್ಲೇ ನೋಡಿ, ನೀವು ಅನುಮಾನ ಪಟ್ಟ ಮೊದಲ ಮೂರೂ ಕಂಪನಿಯವೇ.

ಆ ಸಣ್ಣ ಲಿವರ್ ಡಿಕಂಪ್ರೆಸರ್. ಅದನ್ನು ಒತ್ತಿದರೆ ಎಕ್ಸಾಸ್ಟ್ ವಾಲ್ವ್ ಸ್ವಲ್ಪ ತೆರೆದುಕೊಂಡು ಸಿಲಿಂಡರ್ ಒಳಗಿನ ಒತ್ತಡ ಹೊರಗೆ ಹೋಗುತ್ತದೆ. ಬುಲೆಟ್‌ನ ಎಂಜಿನ್ 346 ಸಿಸಿ, ಒಂದೇ ಸಿಲಿಂಡರ್. ಪಿಸ್ಟನ್ 70 ಮಿಲಿಮೀಟರ್ ಅಗಲ, 90 ಮಿಲಿಮೀಟರ್ ಓಟ. ಒತ್ತಡ ಬಿಡದೆ ಸುಮ್ನೆ ಒದ್ದರೆ ಕಿಕ್ ತಿರುಗಿ ಕಾಲಿಗೇ ಹೊಡೆಯಬಹುದು. ಎಂಜಿನ್ ಆರಿಸಲಿಕ್ಕೂ ಕೆಲವರು ಇದನ್ನೇ ಒತ್ತುತ್ತಾರೆ.

ಮುಳ್ಳಿನ ಮೀಟರ್ ಅಮ್ಮೀಟರ್. ಬ್ಯಾಟರಿಗೆ ಕರೆಂಟ್ ಹೋಗುತ್ತಿದೆಯೋ, ಬ್ಯಾಟರಿಯಿಂದ ಬರುತ್ತಿದೆಯೋ ಅಂತ ಅದು ತೋರಿಸುತ್ತದೆ. ಮೈನಸ್ ಕಡೆ ವಾಲಿದ ಮಾತ್ರಕ್ಕೆ ಕೆಟ್ಟಿದೆ ಅಂತಲ್ಲ. ಎಂಜಿನ್ ನಿಂತಿದ್ದಾಗ ಕೀ ಹಾಕಿದರೆ ವಾಲುವುದು ಸಹಜ. ಕಿಕ್ ಹೊಡೆಯುವ ಹಳೆ ಪದ್ಧತಿ ಈ ಮೀಟರ್ ನೋಡಿಕೊಂಡೇ ನಡೆಯುತ್ತದೆ. ಕೀ ಹಾಕಿ, ಕಿಕ್ಕನ್ನು ಕಾಲಲ್ಲಿ ಮೆಲ್ಲಗೆ ಇಳಿಸಿ. ಮುಳ್ಳು ಮೈನಸ್‌ನಿಂದ ನಡುವಿಗೆ ಬಂದಾಗ ಪಾಯಿಂಟ್ (ಕಿಡಿಯ ಕರೆಂಟನ್ನು ಸೇರಿಸಿ ಬಿಡಿಸುವ ಕಾಂಟ್ಯಾಕ್ಟ್) ತೆರೆದುಕೊಂಡಿದೆ ಅಂತ ಅರ್ಥ, ಪಿಸ್ಟನ್ ತುದಿಯ ಹತ್ತಿರ ಬಂದಿದೆ. ಅಲ್ಲಿ ಡಿಕಂಪ್ರೆಸರ್ ಒತ್ತಿ ಕಿಕ್ಕನ್ನು ಇನ್ನೊಂಚೂರು ಕೆಳಗೆ ದಾಟಿಸಿ, ಲಿವರ್ ಬಿಟ್ಟು, ಕಿಕ್ ಮೇಲೆ ಬರಲು ಬಿಟ್ಟು, ಆಮೇಲೆ ಪೂರ್ತಿ ಒದೆಯಿರಿ. ಟ್ಯೂನಿಂಗ್ ಸರಿ ಇದ್ದ ಗಾಡಿ ಸಾಮಾನ್ಯವಾಗಿ ಎರಡನೇ ಒದೆತ ಕೇಳುವುದಿಲ್ಲ. ಆದ್ದರಿಂದ ಮೀಟರ್, ಲಿವರ್ ಎರಡನ್ನೂ ಮುಟ್ಟಬೇಡಿ. ಡಿಜಿಟಲ್ ಮೀಟರ್ ಹಾಕಿಸುವ ಆಸೆ ಬಂದರೂ ಅಮ್ಮೀಟರ್ ಉಳಿಸಿಕೊಳ್ಳಿ. ಮುಂದೆ ಲೈಟು, ಚಾರ್ಜರ್ ಹಾಕುವಾಗ ಅದರ ಮಾತನ್ನೇ ಕೇಳಬೇಕಾಗುತ್ತದೆ.

ಹೆಡ್‌ಲೈಟ್ ಮೇಲಿನ ಪುಟ್ಟ ದೀಪಗಳು ಪೈಲಟ್ ಲ್ಯಾಂಪ್. ಬುಲೆಟ್‌ನ ಮುಖಲಕ್ಷಣವೇ ಅದು. ಬಲಗಡೆ ಗೇರ್ ಹತ್ತಿರ ಇನ್ನೊಂದು ಸಣ್ಣ ಲಿವರ್ ಇದ್ದರೆ ಅದೂ ಕಂಪನಿಯದೇ, ನ್ಯೂಟ್ರಲ್ ಹುಡುಕಲಿಕ್ಕೆ. ಟ್ಯಾಂಕ್ ಮೇಲೆ ‘ರಾಯಲ್’ ಇಲ್ಲದೆ ಬರೀ ‘ಎನ್‌ಫೀಲ್ಡ್’ ಅಂತಿದ್ದರೆ ಡೂಪ್ಲಿಕೇಟ್ ಅಂದುಕೊಳ್ಳಬೇಡಿ. ಮದ್ರಾಸಿನ ಕಂಪನಿ ಬಹಳ ಕಾಲ ಎನ್‌ಫೀಲ್ಡ್ ಇಂಡಿಯಾ ಅಂತಲೇ ಇತ್ತು. ಐಷರ್ ಕಂಪನಿಯ ಕೈಗೆ ಹೋದದ್ದು 1994ರಲ್ಲಿ. ಹಳೆ ಟ್ಯಾಂಕುಗಳು ಗಾಡಿಯಿಂದ ಗಾಡಿಗೆ ಓಡಾಡುತ್ತಲೇ ಇರುತ್ತವೆ.

‘ಮಿಲಿಟರಿ ಗಾಡಿ’ ವಿಷಯ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇದೆ, ಕ್ಯಾಂಪ್ ಇದೆ. ಹಾಗಾಗಿ ಅಲ್ಲಿಂದ ಬಂದ ಬುಲೆಟ್ಟಿಗೆಲ್ಲ ಈ ಹೆಸರು ಅಂಟಿಸಿ ಸ್ವಲ್ಪ ದುಡ್ಡು ಜಾಸ್ತಿ ಕೇಳುವುದು ಮಾರುವವರ ರೂಢಿ. ಪರೀಕ್ಷೆ ಸುಲಭ. ಸೇನೆ ಬಳಸಿ ಹರಾಜು ಹಾಕಿದ ಗಾಡಿ ಆಮೇಲಷ್ಟೇ ಆರ್‌ಟಿಒ ನೋಂದಣಿಗೆ ಬರುತ್ತದೆ. ಅಂದರೆ ಆರ್‌ಸಿಯಲ್ಲಿ ತಯಾರಾದ ವರ್ಷಕ್ಕೂ ನೋಂದಣಿ ವರ್ಷಕ್ಕೂ ನಡುವೆ ಹಲವು ವರ್ಷದ ಅಂತರ ಇರಬೇಕು. ಎರಡೂ 1997 ಅಂತಿದ್ದರೆ ಅದು ಸೇನೆ ಕಂಡ ಗಾಡಿಯಲ್ಲ. ಬಣ್ಣವನ್ನೂ ನೋಡಿ. ಹೊರಗೆ ಎಷ್ಟು ಸಲ ಪೇಂಟ್ ಹೊಡೆದರೂ ಟೂಲ್ ಬಾಕ್ಸ್ ಒಳಗೋಡೆ, ಟ್ಯಾಂಕಿನ ಹೊಟ್ಟೆ, ಸೀಟಿನ ಕೆಳಗಿನ ಫ್ರೇಮ್ ಇವಕ್ಕೆ ಪೇಂಟರ್ ಕೈ ಹೋಗುವುದಿಲ್ಲ. ಅಲ್ಲಿ ಹಸಿರು ಕಂಡರೆ ಮಾರಿದವರ ಮಾತಿಗೆ ಬೆಲೆ ಕೊಡಬಹುದು. ಈ ಕೆಲಸದ ಜೊತೆಗೇ ಎಂಜಿನ್ ನಂಬರ್, ಚಾಸಿ ನಂಬರ್ ಆರ್‌ಸಿಗೆ ಹೊಂದುತ್ತವೆಯೇ ಅಂತಲೂ ಒರೆಸಿ ನೋಡಿಬಿಡಿ.

ಇನ್ನು ಆಮೇಲೆ ಸೇರಿದ ಸಾಮಾನು. ಇಲ್ಲಿ ಎರಡು ಪ್ರಶ್ನೆ ಸಾಕು: ಇದು ಯಾವ ಬೋಲ್ಟಿಗೆ ಕೂತಿದೆ, ಇದಕ್ಕೆ ಕರೆಂಟ್ ಎಲ್ಲಿಂದ ಬರುತ್ತಿದೆ. ಒಂದು ಆಕ್ಸೆಸರಿ ಒಳ್ಳೆಯದೋ ಕೆಟ್ಟದ್ದೋ ಅನ್ನುವುದನ್ನು ಅದರ ಬ್ರ್ಯಾಂಡಿಗಿಂತ ಈ ಎರಡು ಉತ್ತರಗಳೇ ಹೇಳುತ್ತವೆ.

ಆ ಎರಡು ತೂತಿನ ಖಾಲಿ ಪಟ್ಟಿಯ ಹತ್ತಿರ ಕೂತು ನೋಡಿ. ತೂತಿನ ಸುತ್ತ ವಾಷರ್ ಗಾತ್ರದ ಒಂದು ಉಂಗುರ ಇದೆಯೇ? ಬಹಳ ವರ್ಷ ಏನೋ ಕೂತಿದ್ದ ಜಾಗ ಅದು. ಅಲ್ಲಿ ಪೇಂಟ್ ಸವೆದು ಲೋಹ ಹೊಳೆಯುತ್ತಿರುತ್ತದೆ, ಇಲ್ಲವೇ ಸುತ್ತ ಹೊಸ ಪೇಂಟ್ ಇದ್ದು ಉಂಗುರದೊಳಗೆ ಮಾತ್ರ ಹಳೆ ಬಣ್ಣ ಉಳಿದಿರುತ್ತದೆ. ತೂತಿನ ಅಂಚು ನುಣುಪಾಗಿದ್ದರೆ ಕಂಪನಿಯದು ಅಥವಾ ಒಳ್ಳೆ ಕೆಲಸಗಾರರದು. ಅಂಚು ಚೂಪಾಗಿ ಲೋಹದ ಮುಳ್ಳು ಎದ್ದಿದ್ದರೆ ರಸ್ತೆ ಬದಿ ಡ್ರಿಲ್ಲಿನದು. ಪಟ್ಟಿಯೇ ವೆಲ್ಡ್ ಆಗಿದ್ದರೆ ವೆಲ್ಡಿಂಗ್ ಸಾಲನ್ನು ಗಾಡಿಯ ಇನ್ನೊಂದು ಬದಿಯ ವೆಲ್ಡಿಂಗ್ ಜೊತೆ ಹೋಲಿಸಿ. ಕೈಯಿಂದ ಆಮೇಲೆ ಮಾಡಿದ್ದು ಗುಡ್ಡೆಗುಡ್ಡೆಯಾಗಿ ಗೊತ್ತಾಗಿಬಿಡುತ್ತದೆ. ನೀವು ಹೇಳಿದ ಜಾಗದಲ್ಲಿ, ಅಂದರೆ ಎಡಗಡೆ ಸೀಟಿನ ಕೆಳಗೆ, ಸಾಮಾನ್ಯವಾಗಿ ಕೂರುವುದು ಸೀರೆ ಗಾರ್ಡ್. ಹಿಂದಿನ ಮಾಲೀಕರು ಸ್ಟೈಲ್ ಕೆಡುತ್ತದೆ ಅಂತ ಬಿಚ್ಚಿರಬೇಕು. ಹರೆಯದ ಹುಡುಗರು ಬುಲೆಟ್ ಕೊಂಡರೆ ಮೊದಲು ಹೋಗುವುದೇ ಅದು.

ನಿಮಗೆ ಮೊದಲು ಬೇಕಾದದ್ದೂ ಅದೇ. ಬ್ಯಾಗು, ಚಾರ್ಜರ್ ಆಮೇಲೆ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಮೂರು ವಸ್ತು ಇರಲೇಬೇಕು ಅನ್ನುತ್ತದೆ: ಹಿಂದೆ ಕೂತವರಿಗೆ ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಮತ್ತು ಬಟ್ಟೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕಿಂತ ಕಡಿಮೆ ಇಲ್ಲದಷ್ಟು ಭಾಗವನ್ನು ಮುಚ್ಚುವ ಗಾರ್ಡ್. ನಿಮ್ಮ ಗಾಡಿಯಲ್ಲಿ ಚೈನ್ ಇರುವುದು ಎಡಕ್ಕೆ, ಒಂದೇ ಬದಿಗೆ ಕೂತವರ ಸೆರಗು ಬೀಳುವುದೂ ಎಡಕ್ಕೆ. ಕಾನೂನು ಇರದಿದ್ದರೂ ಇದು ಬೇಕಿತ್ತು. ತರುವಾಗ ತಂತಿ ತೆಳ್ಳಗಿರುವ, ಚಂದಕ್ಕೆ ಮಾಡಿದ ಗಾರ್ಡ್ ಬೇಡ. ಕೈಯಲ್ಲಿ ಒತ್ತಿದರೆ ಚಕ್ರದ ಕಡೆ ಬಾಗಬಾರದು. ಕೂರಿಸಿದ ಮೇಲೆ ಇಬ್ಬರು ಸೀಟಿನ ಮೇಲೆ ಭಾರ ಹಾಕಿ ಕುಲುಕಿ, ಮೂರನೆಯವರು ಬಗ್ಗಿ ನೋಡಲಿ. ಶಾಕ್ ಅಬ್ಸಾರ್ಬರ್ ಕೆಳಗಿಳಿದಾಗ ಗಾರ್ಡ್, ಚೈನ್ ಕವರ್, ಟೈರ್ ಯಾವುದೂ ಒಂದಕ್ಕೊಂದು ಮುಟ್ಟಬಾರದು. ಚೈನ್ ಕವರ್ ಇಲ್ಲದಿದ್ದರೆ ಅದನ್ನೂ ಅವತ್ತೇ ಹಾಕಿಸಿ.

ಬೋಲ್ಟ್ ವಿಷಯ ಬಂದಿದ್ದರಿಂದ ಒಂದು ಎಚ್ಚರಿಕೆ. ಹಳೆ ಬುಲೆಟ್ಟಿನ ಬಹಳಷ್ಟು ಬೋಲ್ಟುಗಳು ಮೆಟ್ರಿಕ್ ಅಲ್ಲ, ಇಂಗ್ಲಿಷ್ ಅಳತೆಯವು. ಗಾಡಿಯ ವಿನ್ಯಾಸವೇ ಇಂಗ್ಲೆಂಡಿನದು, ಚೂಡಿಯೂ (ಬೋಲ್ಟಿನ ತಿರುಪು ಗೆರೆ) ಅಲ್ಲಿಂದಲೇ ಬಂದಿದೆ. 5/16 ಇಂಚಿನ ಬೋಲ್ಟ್ ಅಂದರೆ 7.94 ಮಿಲಿಮೀಟರ್. ನಮ್ಮ 8 ಎಂಎಂ ಬೋಲ್ಟಿಗೂ ಅದಕ್ಕೂ ಕಣ್ಣಿಗೆ ವ್ಯತ್ಯಾಸವೇ ಕಾಣದು. ಆದರೆ ಚೂಡಿಯ ಅಂತರ ಬೇರೆ. 8 ಎಂಎಂ ಬೋಲ್ಟ್ ಒಂದೆರಡು ಸುತ್ತು ಒಳಗೆ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ‘ತುಕ್ಕು ಹಿಡಿದಿದೆ’ ಅಂತ ಪಾನಾಕ್ಕೆ ಪೈಪ್ ಹಾಕಿ ತಿರುಗಿಸಿದರೆ ಫ್ರೇಮಿನ ಚೂಡಿ ಹೋಯಿತು. ಕೈಬೆರಳಲ್ಲಿ ನಾಲ್ಕು ಸುತ್ತು ಸಲೀಸಾಗಿ ಹೋಗದ ಬೋಲ್ಟನ್ನು ಪಾನಾದಿಂದ ತಿರುಗಿಸಬೇಡಿ ಅಂತ ಫಿಟ್ಟರಿಗೆ ಮೊದಲೇ ಹೇಳಿ. ಯಾವುದೇ ಬೋಲ್ಟ್ ಬಿಚ್ಚಿದರೂ ಅದನ್ನೇ ಮಾದರಿಗೆ ಜೇಬಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ಎಲ್ಲೂ ಸಿಗದಿದ್ದರೆ ಬೆಳಗಾವಿಗೆ ಬಂದಾಗ ಉದ್ಯಮಬಾಗ್‌ನಲ್ಲಿ ಒಂದು ಸುತ್ತು ಹಾಕಿ. ಆ ಕೈಗಾರಿಕಾ ಪ್ರದೇಶದಲ್ಲಿ ಫೌಂಡ್ರಿ, ಮಷಿನ್ ಶಾಪ್‌ಗಳು ಸಾಲಾಗಿವೆ. ಮಾದರಿ ಕೊಟ್ಟರೆ ಬೋಲ್ಟು, ಬುಷ್ಷು, ಸ್ಪೇಸರ್ ಲೇತ್ ಮೇಲೆ ಮಾಡಿಸಿಕೊಳ್ಳಬಹುದು. ಹಳೆ ಗಾಡಿ ಇಟ್ಟುಕೊಳ್ಳುವವರಿಗೆ ಬೆಳಗಾವಿ ಹತ್ತಿರ ಇರುವುದೇ ಒಂದು ಅನುಕೂಲ.

ಲೆಗ್ ಗಾರ್ಡ್ ಉಳಿಸಿ. ಅದನ್ನು ಕೂರಿಸಿದ ರೀತಿ ಮಾತ್ರ ನೋಡಿ. ಈ ಬುಲೆಟ್ಟಿನ ಫ್ರೇಮಿಗೆ ಎಂಜಿನ್ ಕೆಳಗೆ ಹಾದುಹೋಗುವ ಪೈಪ್ ಇಲ್ಲ. ಮುಂದಿನ ಪೈಪ್ ಎಂಜಿನ್‌ಗೆ ಬಂದು ನಿಲ್ಲುತ್ತದೆ, ಅಲ್ಲಿಂದ ಹಿಂದಕ್ಕೆ ಎಂಜಿನ್ನೇ ಫ್ರೇಮಿನ ಭಾಗವಾಗಿ ಭಾರ ಹೊರುತ್ತದೆ. ಹಾಗಾಗಿ ಲೆಗ್ ಗಾರ್ಡಿನ ಕೆಳಗಿನ ಕಾಲನ್ನು ಎಂಜಿನ್ ಬೋಲ್ಟಿಗೆ ಸೇರಿಸಿದ್ದರೆ, ಆ ಬೋಲ್ಟ್ ಸಾಕಷ್ಟು ಉದ್ದ ಇದೆಯೇ, ನಟ್ ಪೂರ್ತಿ ಚೂಡಿ ಹಿಡಿದಿದೆಯೇ ಅಂತ ನೋಡಬೇಕು. ಹಳೆ ಬೋಲ್ಟಿನಲ್ಲೇ ಲೆಗ್ ಗಾರ್ಡಿನ ದಪ್ಪ ಪಟ್ಟಿ ಸೇರಿಸಿ, ನಟ್ಟಿಗೆ ಎರಡೇ ಚೂಡಿ ಸಿಕ್ಕ ಗಾಡಿಗಳು ಬೇಕಾದಷ್ಟಿವೆ. ನಟ್ಟಿನ ಹೊರಗೆ ಬೋಲ್ಟಿನ ಒಂದೆರಡು ಚೂಡಿ ಕಾಣುತ್ತಿರಬೇಕು. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ಒತ್ತಿ. ಮಡ್‌ಗಾರ್ಡ್ ಎಲ್ಲೂ ತಾಗದಿದ್ದರೆ ಲೆಗ್ ಗಾರ್ಡ್ ಪಾಸ್.

ಈಗ ಕರೆಂಟ್. ಹಳೆ ಗಾಡಿ ಹೆಚ್ಚು ಕೆಡುವುದು, ಒಮ್ಮೊಮ್ಮೆ ಸುಟ್ಟುಹೋಗುವುದು ಇಲ್ಲೇ. ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಓದಿ.

ಮೊದಲು ನಿಮ್ಮದು ಎಷ್ಟು ವೋಲ್ಟಿನ ಗಾಡಿ ಅಂತ ಕಣ್ಣಾರೆ ನೋಡಿ. 1997ರದ್ದಾದ್ದರಿಂದ 12 ವೋಲ್ಟ್ ಇರಬೇಕು. ಆದರೂ ಹಳೆ ಬುಲೆಟ್ಟುಗಳು 6 ವೋಲ್ಟಿನವು, ಅದರ ಭಾಗಗಳು ಇದರಲ್ಲಿ ಸೇರಿರಬಹುದು. ಮುಚ್ಚಳ ಇರುವ ಬ್ಯಾಟರಿಯಾದರೆ ಮುಚ್ಚಳ ಎಣಿಸಿ: ಆರು ಇದ್ದರೆ 12 ವೋಲ್ಟ್, ಮೂರಿದ್ದರೆ 6. ಒಂದೊಂದು ಮನೆಗೆ ಸುಮಾರು 2 ವೋಲ್ಟ್. ಬಲ್ಬಿನ ಬುಡದಲ್ಲೂ, ಹಾರ್ನಿನ ಬೆನ್ನ ಮೇಲೂ ವೋಲ್ಟ್ ಕೆತ್ತಿರುತ್ತದೆ. ಬ್ಯಾಟರಿಯ ಯಾವ ತುದಿ ಫ್ರೇಮಿಗೆ ಹೋಗಿದೆ ಅಂತಲೂ ನೋಡಿಕೊಳ್ಳಿ. ಮೈನಸ್ ಫ್ರೇಮಿಗೆ ಇರಬೇಕು. ತೀರಾ ಹಳೆ ಇಂಗ್ಲಿಷ್ ಮಾದರಿಯ ಗಾಡಿಗಳಲ್ಲಿ ಪ್ಲಸ್ ಅರ್ಥ್, ಅಂದರೆ ಪ್ಲಸ್ ತುದಿ ಫ್ರೇಮಿಗೆ ಇರುತ್ತಿತ್ತು. ಹಾಗಿದ್ದಲ್ಲಿ ಎಲ್‌ಇಡಿ, ಚಾರ್ಜರ್ ಹಾಕಿದ ಕ್ಷಣವೇ ಹೋಗುತ್ತವೆ.

ಆಮೇಲೆ ಟ್ಯಾಂಕ್ ಇಳಿಸಿ. ಪೆಟ್ರೋಲ್ ಟ್ಯಾಪ್ ಬಂದ್ ಮಾಡಿ, ಪೈಪ್ ಬಿಡಿಸಿ, ಬ್ಯಾಟರಿ ಮೈನಸ್ ತೆಗೆದು, ಬಯಲಲ್ಲಿ ಈ ಕೆಲಸ ಮಾಡಿ. ಟ್ಯಾಂಕ್ ಕೆಳಗೆ ಹಿಂದಿನ ಮಾಲೀಕರ ಇಡೀ ಚರಿತ್ರೆ ಕಾಣುತ್ತದೆ. ಕಂಪನಿ ವೈರುಗಳು ಬಟ್ಟೆ ಟೇಪು ಅಥವಾ ಕೊಳವೆಯಲ್ಲಿ ಒಟ್ಟಿಗೆ ಹೋಗುತ್ತವೆ, ಬಣ್ಣಗಳು ಮಾಸಿರುತ್ತವೆ. ಆಮೇಲೆ ಹಾಕಿದವು ಬಹಳ ಸಲ ಕೆಂಪು, ಕಪ್ಪು ಎರಡೇ ಬಣ್ಣ, ಮನೆಯ ವೈರಿಂಗಿನಲ್ಲಿ ಉಳಿದದ್ದು. ಜಾಯಿಂಟ್ ಇರುವಲ್ಲಿ ಬರೀ ತಿರುಚಿ ಟೇಪ್ ಸುತ್ತಿರುತ್ತಾರೆ. ನಮ್ಮ ಕಡೆಯ ಬಿಸಿಲಿಗೆ, ಎಂಜಿನ್ ಕಾವಿಗೆ ಆ ಟೇಪಿನ ಅಂಟು ಕರಗಿ ಬೆರಳಿಗೆ ಹತ್ತುತ್ತದೆ, ಟೇಪ್ ಜಾರಿ ತಾಮ್ರ ಕಾಣುತ್ತದೆ. ಹ್ಯಾಂಡಲ್ ತಿರುಗುವ ಕುತ್ತಿಗೆಯ ಹತ್ತಿರ ಒಂದೊಂದೇ ವೈರನ್ನು ಬೆರಳಲ್ಲಿ ಸವರಿ. ಉಜ್ಜಿಸಿಕೊಂಡು ಸುಲಿದಿರುವುದು ಹೆಚ್ಚಾಗಿ ಅಲ್ಲೇ. ಪ್ರತಿಯೊಂದು ಹೊಸ ವೈರಿಗೂ ಬಿಳಿ ಪೇಪರ್ ಟೇಪಿನ ಚೀಟಿ ಅಂಟಿಸಿ, ಎಲ್ಲಿಂದ ಎಲ್ಲಿಗೆ ಅಂತ ಬರೆಯಿರಿ, ಮೊಬೈಲಲ್ಲಿ ಫೋಟೋ ತೆಗೆಯಿರಿ. ಬಿಚ್ಚುವುದು ಅದಾದ ಮೇಲೆ.

ಅಡಗಿಸಿಟ್ಟ ಸ್ವಿಚ್ ಬಹುಶಃ ಚೋರ್ ಸ್ವಿಚ್. ಕೀ ಇಲ್ಲದೆ ಗಾಡಿ ಕದಿಯುವುದು ಹಳೆ ಬುಲೆಟ್ಟಿನಲ್ಲಿ ಕಷ್ಟವೇನಲ್ಲ. ಅದಕ್ಕೇ ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್‌ಗೆ ಹೋಗುವ ವೈರನ್ನು ಕತ್ತರಿಸಿ ನಡುವೆ ಸ್ವಿಚ್ ಹಾಕಿಸುತ್ತಿದ್ದರು. ಪರೀಕ್ಷೆ ಹೀಗೆ: ಎಂಜಿನ್ ಚಾಲೂ ಇಟ್ಟು ಸ್ವಿಚ್ ಬದಲಿಸಿ. ಎಂಜಿನ್ ನಿಂತರೆ ಅದೇ. ಏನೂ ಆಗದಿದ್ದರೆ ಹ್ಯಾಲೊಜನ್ ಅಥವಾ ಹಾರ್ನಿನದು, ಇಲ್ಲವೇ ಸತ್ತ ಸ್ವಿಚ್. ಚೋರ್ ಸ್ವಿಚ್ ಆಗಿದ್ದರೆ ಉಪಾಯ ಒಳ್ಳೆಯದೇ, ಆದರೆ ಹಳೆ ಸ್ವಿಚ್ಚಿನ ಕಾಂಟ್ಯಾಕ್ಟ್ ಸಡಿಲವಾಗಿದ್ದರೆ ಲೋಕಾಪುರ ದಾಟಿ ಯರಗಟ್ಟಿ ಮುಟ್ಟುವ ಮುನ್ನ ಗಾಡಿ ಕೆಮ್ಮಿ ನಿಲ್ಲುತ್ತದೆ, ಮೆಕ್ಯಾನಿಕ್ ಕಾರ್ಬ್ಯುರೇಟರ್ ಬಿಚ್ಚುತ್ತಾನೆ. ನೀರು ನುಗ್ಗದ ಒಳ್ಳೆ ಸ್ವಿಚ್ ಹಾಕಿ, ಎರಡೂ ತುದಿಗೆ ಬೆಸುಗೆ ಮಾಡಿಸಿ ಉಳಿಸಿಕೊಳ್ಳಿ.

ಹ್ಯಾಲೊಜನ್ ಲೈಟು ತೆಗೆಯಿರಿ. ಲೆಕ್ಕ ನೋಡಿ. ಒಂದೊಂದು 55 ವ್ಯಾಟ್ ಇದ್ದರೆ ಎರಡಕ್ಕೆ 110 ವ್ಯಾಟ್. 12 ವೋಲ್ಟಿನಲ್ಲಿ ಅದು 9 ಆಂಪಿಯರ್‌ಗಿಂತ ಜಾಸ್ತಿ. ಹೆಡ್‌ಲೈಟು, ಇಗ್ನಿಷನ್ನು, ಬ್ರೇಕ್ ಲೈಟು ಎಲ್ಲ ಸಾಕಿ ಇದನ್ನೂ ಸಾಕುವ ಶಕ್ತಿ, ಎಂಜಿನ್ನಿನಿಂದ ಕರೆಂಟ್ ಹುಟ್ಟಿಸುವ ಆ ಕಾಲದ ಆಲ್ಟರ್ನೇಟರಿಗೆ ಇಲ್ಲ. ಉಳಿದದ್ದನ್ನು ಬ್ಯಾಟರಿ ಕೊಡುತ್ತದೆ, ರಾತ್ರಿ ಒಂದು ಗಂಟೆ ಓಡಿಸಿದರೆ ಬೆಳಿಗ್ಗೆ ಹಾರ್ನ್ ಗೊಗ್ಗರಾಗುತ್ತದೆ.

ಇಲ್ಲಿ ಅಮ್ಮೀಟರಿನ ಒಂದು ಸೂಕ್ಷ್ಮ ಗೊತ್ತಿರಲಿ. ಎಂಜಿನ್ ನಿಲ್ಲಿಸಿ, ಕೀ ಹಾಕಿ, ಹ್ಯಾಲೊಜನ್ ಹಚ್ಚಿ. ಮುಳ್ಳು ಮೈನಸ್ ಕಡೆ ಜೋರಾಗಿ ವಾಲಿದರೆ ಕರೆಂಟ್ ಮೀಟರ್ ಮೂಲಕ ಬರುತ್ತಿದೆ. ಲೈಟ್ ಹತ್ತಿದರೂ ಮುಳ್ಳು ಅಲ್ಲಾಡದಿದ್ದರೆ ಯಾರೋ ನೇರ ಬ್ಯಾಟರಿಯಿಂದ ಎಳೆದಿದ್ದಾರೆ. ಆಗ ಮೀಟರ್ ನಿಮಗೆ ಸುಳ್ಳು ಹೇಳುತ್ತದೆ. ಆಲ್ಟರ್ನೇಟರಿನಿಂದ ಬ್ಯಾಟರಿ ಕಡೆ ಹೋಗುವ ಕರೆಂಟನ್ನು ನೋಡಿ ಪ್ಲಸ್ ತೋರಿಸುತ್ತದೆ, ಅದನ್ನೂ ಮೀರಿ ಲೈಟು ಬ್ಯಾಟರಿಯನ್ನು ಖಾಲಿ ಮಾಡುತ್ತಿರುವುದು ಅದಕ್ಕೆ ಕಾಣುವುದೇ ಇಲ್ಲ. ಸಂಶಯ ಇದ್ದರೆ ಮಲ್ಟಿಮೀಟರ್ ಹಿಡಿಯಿರಿ. ರಾತ್ರಿಯಿಡೀ ನಿಂತ ಒಳ್ಳೆ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇರಬೇಕು. ಎಂಜಿನ್ ಸ್ವಲ್ಪ ಏರಿಸಿದಾಗ 13.8ರಿಂದ 14.5ರ ನಡುವೆ. ಎಲ್ಲ ಲೈಟ್ ಹಚ್ಚಿದಾಗ 13ರ ಕೆಳಗೆ ಬಂದರೆ ನಿಮ್ಮ ಖರ್ಚು ಆದಾಯಕ್ಕಿಂತ ಜಾಸ್ತಿ.

ಹಾಗಂತ ಕತ್ತಲಲ್ಲಿ ಓಡಿಸಿ ಅಂತಲ್ಲ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆ ರಾತ್ರಿ ಓಡಿಸಿದವರಿಗೆ ಗೊತ್ತು, ಟ್ರ್ಯಾಕ್ಟರಿನ ಹಿಂದೆ ಎರಡು ಟ್ರೇಲರ್, ಹಿಂದೆ ಒಂದು ರಿಫ್ಲೆಕ್ಟರೂ ಇರುವುದಿಲ್ಲ. ಬೆಳಕು ಬೇಕು. ಆದರೆ ಹೊಸ ಲೈಟ್ ತರುವ ಮೊದಲು ಇರುವ ಹೆಡ್‌ಲೈಟಿಗೆ ಜೀವ ಕೊಡಿ. ರಿಫ್ಲೆಕ್ಟರಿನ ಬೆಳ್ಳಿ ಮಾಸಿದ್ದರೆ ಒರೆಸಲು ಹೋಗಬೇಡಿ, ಇರುವುದೂ ಎದ್ದು ಬರುತ್ತದೆ. ಬದಲಿಸಿ. ಕೀ ಹಾಕಿ ಎಂಜಿನ್ ನಿಲ್ಲಿಸಿದಾಗಲೂ ಹೆಡ್‌ಲೈಟ್ ಹತ್ತಿದರೆ ಅದು ಬ್ಯಾಟರಿಯಿಂದ ಬರುತ್ತಿದೆ. ಹಾಗಿದ್ದರೆ ಬಲ್ಬಿನ ಹೋಲ್ಡರಿನಲ್ಲಿ ವೋಲ್ಟೇಜ್ ಅಳೆದು ಬ್ಯಾಟರಿಯದಕ್ಕೆ ಹೋಲಿಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ಕಳೆದುಹೋಗುತ್ತಿದ್ದರೆ ದೋಷ ಜಾಯಿಂಟಿನಲ್ಲೋ, ಸ್ವಿಚ್ಚಿನಲ್ಲೋ, ಅರ್ಥಿನಲ್ಲೋ ಇದೆ. ಅರ್ಥ್ ಬೋಲ್ಟಿನ ಕೆಳಗಿನ ಪೇಂಟ್ ಕೆರೆದು ಬಿಗಿ ಮಾಡಿದರೇ ಎಷ್ಟೋ ಗಾಡಿಗಳು ಬೆಳಗುತ್ತವೆ. ಎಂಜಿನ್ ನಿಲ್ಲಿಸಿದಾಗ ಹೆಡ್‌ಲೈಟ್ ಹತ್ತದಿದ್ದರೆ ಅದು ಆಲ್ಟರ್ನೇಟರಿನಿಂದ ನೇರ ಬರುವ ಎಸಿ ಕರೆಂಟ್. ಆ ವೈರಿನಿಂದ ಎಲ್‌ಇಡಿಗೋ ಚಾರ್ಜರಿಗೋ ಯಾವತ್ತೂ ಕವಲು ತೆಗೆಯಬೇಡಿ.

ಇಷ್ಟಾದ ಮೇಲೂ ಬೆಳಕು ಸಾಲದಿದ್ದರೆ 10 ವ್ಯಾಟಿನ ಎರಡು ಎಲ್‌ಇಡಿ ಫಾಗ್ ಲ್ಯಾಂಪ್ ಸಾಕು. ಎರಡಕ್ಕೂ ಸೇರಿ 2 ಆಂಪಿಯರ್ ಒಳಗೆ. ಹೆಡ್‌ಲೈಟಿಗಿಂತ ಕೆಳಗೆ, ಲೆಗ್ ಗಾರ್ಡ್ ಮೇಲೆ ಕೂರಿಸಿ, ಕಿರಣ ರಸ್ತೆ ಕಡೆ ಬಾಗಿರಲಿ. ಗೋಡೆ ಮುಂದೆ ಗಾಡಿ ನಿಲ್ಲಿಸಿ ನೋಡಿದರೆ ಬೆಳಕಿನ ನಡು ಲ್ಯಾಂಪಿನ ಎತ್ತರಕ್ಕಿಂತ ಕೆಳಗೇ ಬೀಳಬೇಕು. ಎದುರಿನವರ ಕಣ್ಣಿಗೆ ರಾಚುವ ಸ್ಪಾಟ್ ಲೈಟ್, ಸರ್ಚ್ ಲೈಟ್‌ಗೆ ನಿಯಮದಲ್ಲಿ ಜಾಗ ಇಲ್ಲ.

ವೈರಿಂಗ್ ಹೀಗಿರಲಿ. ಬ್ಯಾಟರಿ ಪ್ಲಸ್‌ನಿಂದ ಹೊರಟ ವೈರಿಗೆ ಗೇಣು ದೂರದಲ್ಲೇ ಫ್ಯೂಸ್. ಅಲ್ಲಿಂದ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್) 30 ನಂಬರ್ ತುದಿಗೆ, 87ರಿಂದ ಲ್ಯಾಂಪಿಗೆ. 85 ಅರ್ಥಿಗೆ, 86ಕ್ಕೆ ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ವೈರು, ನಡುವೆ ನಿಮ್ಮ ಸ್ವಿಚ್. ಹೀಗೆ ಮಾಡಿದರೆ ಭಾರದ ಕರೆಂಟ್ ಹಳೆ ಕೀ ಸ್ವಿಚ್ಚಿನ ಮೂಲಕ ಹಾಯುವುದಿಲ್ಲ, ಮರೆತರೂ ಕೀ ತೆಗೆದಾಗ ಎಲ್ಲ ಆರುತ್ತದೆ. ಫ್ಯೂಸ್ ಇಲ್ಲದ ಒಂದು ವೈರನ್ನೂ ಗಾಡಿಯಲ್ಲಿ ಬಿಡಬೇಡಿ. ಪೆಟ್ರೋಲ್ ಟ್ಯಾಂಕ್ ಅದರ ಮೇಲೇ ಕೂರುತ್ತದೆ.

ಮೊಬೈಲ್ ಚಾರ್ಜರನ್ನೂ ಇದೇ ರಿಲೇಯ ಸಾಲಿನಲ್ಲಿ ತನ್ನದೇ 3 ಆಂಪಿಯರ್ ಫ್ಯೂಸ್ ಜೊತೆ ಹಾಕಬಹುದು, ಲ್ಯಾಂಪಿನ ಸ್ವಿಚ್ ಮಾತ್ರ ಬೇರೆ ಕಡೆ ಬರುವಂತೆ ಜೋಡಿಸಿ. 5 ವೋಲ್ಟ್, 2 ಆಂಪಿಯರ್ ಚಾರ್ಜರ್ ಬ್ಯಾಟರಿಯಿಂದ ಎಳೆಯುವುದು ಸುಮಾರು 1 ಆಂಪಿಯರ್. ಅದಕ್ಕಿಂತ ನನ್ನ ಚಿಂತೆ ಮೊಬೈಲಿನದು. ಬುಲೆಟ್ಟಿನ ಹ್ಯಾಂಡಲ್ ಎಷ್ಟು ನಡುಗುತ್ತದೆ ಅಂತ ನಿಮಗೀಗ ಗೊತ್ತಾಗಿರಬೇಕು. ಜೋರು ಎಂಜಿನ್ನಿನ ಬೈಕ್ ಹ್ಯಾಂಡಲಿಗೆ ಫೋನ್ ಕಟ್ಟಿದರೆ ಕ್ಯಾಮೆರಾ ಕೆಡಬಹುದು ಅಂತ ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ಬಾದಾಮಿ ದಾರಿಗೆ ಮ್ಯಾಪ್ ಯಾಕೆ ಬೇಕು ಹೇಳಿ? ಫೋನನ್ನು ಬ್ಯಾಗಿನಲ್ಲಿಟ್ಟು ಅಲ್ಲೇ ಚಾರ್ಜ್ ಮಾಡಿ.

ಲಾರಿ ಹಾರ್ನ್ ಬಗ್ಗೆ ಯೋಚಿಸುವುದೇ ಬೇಡ, ತೆಗೆದುಹಾಕಿ. ಹಲವು ಸ್ವರದ ಹಾರ್ನ್ ನಿಯಮಕ್ಕೆ ವಿರುದ್ಧ, ಕರೆಂಟನ್ನೂ ತಿನ್ನುತ್ತದೆ. 12 ವೋಲ್ಟಿನ ಸಾದಾ ಡಿಸ್ಕ್ ಹಾರ್ನ್ ಕೂರಿಸಿ. ಸೈಲೆನ್ಸರ್ ಬಗ್ಗೆ ನೀವು ಬರೆದಿಲ್ಲ, ಆದರೂ ಒಳಗಿನ ಜಾಲರಿ ತೆಗೆಸಿದ್ದಾರೆಯೇ ನೋಡಿ. ‘ಡುಗ್ ಡುಗ್’ ಅನ್ನುವುದು ನಿಮಗೆ ಸಂಗೀತ ಆಗಿರಬಹುದು, ಪೊಲೀಸರಿಗೆ ಅದು ಶಬ್ದ ಮಾಲಿನ್ಯಕ್ಕೆ ಶಿಕ್ಷೆ ಹೇಳುವ ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್.

ಸೈಡ್ ಬ್ಯಾಗಿಗೆ ಬರೋಣ. ಬಟ್ಟೆ ಅಥವಾ ಕ್ಯಾನ್ವಾಸ್ ಬ್ಯಾಗನ್ನು ಸುಮ್ನೆ ಸೀಟಿನ ಮೇಲಿಂದ ಇಳಿಬಿಟ್ಟರೆ ಎಡಗಡೆಯದು ಚಕ್ರಕ್ಕೆ ಒರಗುತ್ತದೆ, ಬಲಗಡೆಯದು ಸೈಲೆನ್ಸರ್ ಮೇಲೆ ಕೂತು ಸುಡುತ್ತದೆ. ಎರಡೂ ಬದಿಗೆ ಪೈಪಿನ ಫ್ರೇಮ್ ಬೇಕು. ಫ್ರೇಮ್ ಹಿಡಿಯುವ ಜಾಗ ಶಾಕ್ ಅಬ್ಸಾರ್ಬರಿನ ಮೇಲಿನ ಬೋಲ್ಟು ಮತ್ತು ಹಿಂದಿನ ಫುಟ್‌ರೆಸ್ಟ್ ಹತ್ತಿರದ ಬೋಲ್ಟು. ಉದ್ದದ ಬೋಲ್ಟು, ಸರಿಯಾದ ಸ್ಪೇಸರ್ ಹಾಕಿ. ಗಾಡಿಯ ಚಾಸಿಗೆ ವೆಲ್ಡಿಂಗ್ ಮಾತ್ರ ಮಾಡಿಸಬೇಡಿ, ಕಾದ ಜಾಗದ ಪಕ್ಕದಲ್ಲೇ ಮುಂದೆ ಬಿರುಕು ಬಿಡುತ್ತದೆ. ಎಡಗಡೆ ಫ್ರೇಮೂ ಸೀರೆ ಗಾರ್ಡೂ ಒಂದೇ ಜಾಗ ಕೇಳುತ್ತವೆ. ಎರಡನ್ನೂ ಒಂದೇ ಸಲ ತಗೊಂಡು ಹೋಗಿ, ಗಾರ್ಡಿನ ಹೊರಗೆ ಫ್ರೇಮ್ ಬರುವಂತೆ ಅಳತೆ ಮಾಡಿಸಿ. ಕೂರುವವರ ಕಾಲಿಗೆ ಜಾಗ ಉಳಿಯುತ್ತದೆಯೇ ಅಂತ ಅವರನ್ನೇ ಕೂರಿಸಿ ನೋಡಿ, ಅಂಗಡಿಯವನ ಮಾತಿನ ಮೇಲೆ ಬಿಡಬೇಡಿ. ಭಾರದ ಸಾಮಾನು ಬ್ಯಾಗಿನ ತಳದಲ್ಲಿ, ಮುಂದಿನ ಕಡೆ ಇರಲಿ. ಹಿಂದಿನ ಕ್ಯಾರಿಯರ್ ಮೇಲೆ ಚೀಲ ಹೇರಿದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಓಲಾಡುತ್ತದೆ. ಇಂಡಿಕೇಟರ್, ಹಿಂದಿನ ದೀಪ, ನಂಬರ್ ಪ್ಲೇಟ್ ಮುಚ್ಚಬಾರದು. ಕರ್ನಾಟಕದಲ್ಲಿ 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಬೇಕು. ಹಾಕಿಸಿಲ್ಲದಿದ್ದರೆ ಬ್ಯಾಗಿನ ಅಳತೆ ತೆಗೆಯುವ ಮುಂಚೆ ಹಾಕಿಸಿ, ಆಗ ಜಾಗ ಸ್ಪಷ್ಟವಾಗುತ್ತದೆ.

ಕಾಗದದ ಕೆಲಸ ಚಿಕ್ಕದು. ಬೋಲ್ಟ್ ಬಿಚ್ಚಿದರೆ ಬರುವ ಬ್ಯಾಗು, ಗಾರ್ಡಿಗೆ ಸಾಮಾನ್ಯವಾಗಿ ಯಾರೂ ತಕರಾರು ಮಾಡುವುದಿಲ್ಲ. ಕಂಪನಿ ಹೇಳಿದ ಮೂಲ ವಿವರ, ಅಂದರೆ ಆರ್‌ಸಿಯಲ್ಲಿರುವುದು ಬದಲಾಗುವಂಥ ಮಾರ್ಪಾಡನ್ನು ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಬೆಳಗಾವಿಯ ಕೆಎ-22 ನಂಬರ್ ಇದ್ದರೆ ಹಾಗೇ ಉಳಿಯುತ್ತದೆ, ಬಾಗಲಕೋಟೆಯ ಕೆಎ-29 ಆಗಬೇಕಿಲ್ಲ. 15 ವರ್ಷ ದಾಟಿದ ಗಾಡಿಯಾದ್ದರಿಂದ ಆರ್‌ಸಿ ಐದೈದು ವರ್ಷಕ್ಕೆ ನವೀಕರಣ ಆಗಬೇಕು. ಕೊನೆಯ ತಾರೀಖು ಯಾವಾಗ ಅಂತ ನೋಡಿಕೊಳ್ಳಿ. ತಪಾಸಣೆಗೆ ಗಾಡಿ ಒಯ್ಯುವ ದಿನ ಸೀರೆ ಗಾರ್ಡು, ಹಾರ್ನು, ಲೈಟು ಸರಿ ಇರಲಿ.

ಉಳಿದದ್ದು ವಿಂಡ್‌ಶೀಲ್ಡ್. ನನ್ನನ್ನು ಕೇಳಿದರೆ ಈ ವರ್ಷ ಬೇಡ. ನಮ್ಮ ಬಯಲು ಸೀಮೆಯ ಅಡ್ಡಗಾಳಿಗೆ ಅದು ಹ್ಯಾಂಡಲನ್ನೇ ಎಳೆಯುತ್ತದೆ, ಧೂಳಿಗೆ ಗೀರು ಬಿದ್ದು ಎದುರಿನ ಲೈಟಿಗೆ ರಾತ್ರಿ ಪೂರ್ತಿ ಬಿಳಿಯಾಗುತ್ತದೆ, ಅದರ ಕ್ಲಾಂಪು ಕ್ಲಚ್ ಕೇಬಲ್ಲನ್ನೂ ಡಿಕಂಪ್ರೆಸರ್ ಕೇಬಲ್ಲನ್ನೂ ಅಮುಕುತ್ತದೆ. ಆ ದುಡ್ಡಿನಲ್ಲಿ ಕಣ್ಣು ಮುಚ್ಚುವ ಗ್ಲಾಸ್ ಇರುವ ಐಎಸ್‌ಐ ಹೆಲ್ಮೆಟ್ ಎರಡು ಬರುತ್ತವೆ, ನಿಮಗೊಂದು, ಮನೆಯವರಿಗೊಂದು. ಚಳಿಗಾಲದ ಬೆಳಗಾವಿ ಪ್ರಯಾಣ ಮುಗಿಸಿಯೂ ಎದೆಗೆ ಗಾಳಿ ತಡೆಯಲಾಗದು ಅನ್ನಿಸಿದರೆ ಆಗ ನೋಡೋಣ. ತಗೊಳ್ಳುವಾಗ ಗಾಜಿನ ಮೇಲಂಚು ನಿಮ್ಮ ಕಣ್ಣಿಗಿಂತ ಒಂದು ಬೆರಳು ಕೆಳಗಿರಬೇಕು. ಅದರ ಮೂಲಕ ನೋಡಬೇಕಾಗಬಾರದು, ಮೇಲಿಂದ ನೋಡಬೇಕು.